ಬಸಲಿಂಗಪ್ಪ ಕಾಕಾನ ಪೆನ್‌ಡ್ರೈವ್ ಪೂಜೆ

ಪಕ್ಕದ ಮನೆಯ ಬಸಲಿಂಗಪ್ಪ ಕಾಕಾನಿಂದ ವಿಭೂತಿ ಹಚ್ಚಿಸಿಕೊಳ್ಳದೆ ಉಳಿದದ್ದು ಅವನ ಮನೆಯ ಬೆಕ್ಕು ಮಾತ್ರ. ಅದೂ ಕೈಗೆ ಸಿಗುತ್ತಿರಲಿಲ್ಲ ಅಂತ. ಸ್ಕೂಟರಿನ ದೀಪ, ಫ್ಯಾನಿನ ಗುಂಡಿ, ಅಡುಗೆಮನೆಯ ಮಿಕ್ಸರ್, ಎಲ್ಲದರ ಹಣೆಯ ಮೇಲೂ ಅವನ ಮೂರು ಬೆರಳಿನ ಗುರುತು. ಹಣೆ ಯಾವುದೆಂದು ತಿಳಿಯದ ವಸ್ತುವಿಗೆ ಎರಡೂ ಕಡೆ ಹಚ್ಚುತ್ತಿದ್ದ.

ಇಳಕಲ್ಲಿನ ನಮ್ಮ ಓಣಿ ತುಂಬ ಮಗ್ಗಗಳು. ಕಾಕಾನಿಗೆ ಮಗ್ಗದ ಮೇಲೆ ಕೂರುವ ತಾಳ್ಮೆ ಇರಲಿಲ್ಲ. ನಲವತ್ತು ದಾಟಿದ ಮೇಲೆ ಬಾಗಲಕೋಟೆಗೆ ಹೋಗಿ ಕಂಪ್ಯೂಟರ್ ಕಲಿತು, ಮನೆಯ ಮುಂದಿನ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟು ಅಂಗಡಿ ತೆರೆದ. ಯಾವ ತೊಂದರೆ ಬಂದರೂ ಅವನ ಮೊದಲ ಔಷಧ ಒಂದೇ, ‘ರಿಫ್ರೆಶ್’ ಒತ್ತುವುದು. ಒತ್ತುತ್ತಲೇ ಇರುತ್ತಿದ್ದ. ಹುನಗುಂದದಿಂದ ಅರ್ಜಿ ತುಂಬಿಸಲು ಬಂದಿದ್ದ ಮಾಸ್ತರರೊಬ್ಬರು ಬೇಸತ್ತು, ಇದನ್ನೆಷ್ಟು ಒತ್ತುತ್ತೀರಿ ಎಂದು ಕೇಳಿಯೇಬಿಟ್ಟರು.

“ನೀವು ಬಸ್ ಇಳದು ಬಂದು, ಕುಂತು, ಉಸುರ ಬಿಟ್ರಿಲ್ರಿ? ಇದಕ್ಕೂ ಬಿಡಾಕ ಟೈಮ್ ಕೊಡ್ರಿ. ಮಷೀನಿಗೂ ಮರ್ಯಾದಿ ಬೇಕು,” ಎಂದ ಕಾಕಾ.

ನನ್ನ ಅವ್ವ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಾ ಹಾಡುತ್ತಿದ್ದಳು. ಬೀಸುವ ಪದ, ಸೋಬಾನೆ ಪದ, ಎಲ್ಲ ಅವಳ ಬಾಯಲ್ಲೇ. ಅವಳಿಗಿದ್ದ ಆಸೆ ಒಂದೇ, ಒಮ್ಮೆ ರೇಡಿಯೋದಲ್ಲಿ ಹಾಡಬೇಕು. ಇದು ನಮಗಿಂತ ಚೆನ್ನಾಗಿ ಗೊತ್ತಿದ್ದದ್ದು, ಅವಳನ್ನು ಅತ್ತಿಗೆಯ ವರಸೆಯಲ್ಲಿ ‘ವೈನಿ’ ಎನ್ನುತ್ತಿದ್ದ ಕಾಕಾನಿಗೆ. ಒಂದು ಮಧ್ಯಾಹ್ನ ಅವಳನ್ನು ಅಂಗಡಿಯಲ್ಲಿ ಕೂರಿಸಿ, ಮೈಕ್ ಮುಂದಿಟ್ಟು, ಕಂಪ್ಯೂಟರಿನಲ್ಲಿ ಹಾಡು ತುಂಬಿಕೊಂಡ. ಪೆನ್‌ಡ್ರೈವಿಗೂ ಹಾಕಿಟ್ಟ. ಆಮೇಲೆ ಕಂಪ್ಯೂಟರಿಗೆ ವೈರಸ್ ಬಂದು ಎಲ್ಲ ಅಳಿಸಬೇಕಾಯಿತು. ಹಾಡು ಆ ಪೆನ್‌ಡ್ರೈವಿನಲ್ಲಷ್ಟೇ ಉಳಿಯಿತು.

ಆ ವರ್ಷ ದಸರೆಗೆ ರೇಡಿಯೋದ ಸಾಹೇಬರೊಬ್ಬರು ನಮ್ಮೂರಲ್ಲಿದ್ದ ತಮ್ಮ ಬೀಗರ ಮನೆಗೆ ಬಂದಿದ್ದರು. ಹಳ್ಳಿಯ ಹಾಡುಗಾರರನ್ನು ಆರಿಸುವುದೇ ಅವರ ಕೆಲಸವಂತೆ. ಹಬ್ಬದ ಮರುದಿನ, ಅವರು ಬಸ್ ಹತ್ತುವ ಮೊದಲು, ಕಾಕಾ ಹೋಗಿ ಕರೆತಂದೇ ಬಿಟ್ಟ. ಅವ್ವನ ಹಣೆಬರಹ ನೋಡಿ, ಹಿಂದಿನ ದಿನವೇ ಅವಳ ಗಂಟಲು ಕಟ್ಟಿತ್ತು. ಮಾತೇ ಹೊರಡುತ್ತಿರಲಿಲ್ಲ, ಹಾಡಂತೂ ದೂರ.

“ಚಿಂತಿ ಬ್ಯಾಡ್ರಿ ವೈನಿ, ನಿಮ್ಮ ದನಿ ನನ್ನ ಕಡೆ ಐತಿ,” ಎಂದು ಕಾಕಾ ಪೆನ್‌ಡ್ರೈವ್ ಚುಚ್ಚಿದ.

ಕಂಪ್ಯೂಟರ್ ಸದ್ದು ಮಾಡಲಿಲ್ಲ. ಪರದೆಯ ಮೇಲೆ ಏನೂ ಮೂಡಲಿಲ್ಲ. ಕಾಕಾ ರಿಫ್ರೆಶ್ ಒತ್ತಿದ, ಒತ್ತಿದ. ಬಂದ್ ಮಾಡಿ ಚಾಲೂ ಮಾಡಿದ. ಇನ್ನೊಂದು ಕಂಪ್ಯೂಟರಿಗೆ ಚುಚ್ಚಿದ. ಅಲ್ಲೂ ಅದೇ ಕತೆ. ಸಾಹೇಬರು ಗಡಿಯಾರ ನೋಡಿಕೊಂಡರು. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಕಾಕಾ ಪೆನ್‌ಡ್ರೈವ್ ಕಿತ್ತು, ಮೂಗಿನ ಮೇಲೆ ಚಾಳೀಸು ಏರಿಸಿ, ಬಾಗಿಲ ಬೆಳಕಿಗೆ ಹಿಡಿದು ಅದರ ಬಾಯೊಳಗೆ ನೋಡಿದ. ನೋಡಿದವನೇ ಮೆತ್ತಗಾದ. ಖಂಡೆಪೂಜೆಯ, ಅಂದರೆ ಆಯುಧಪೂಜೆಯ ದಿನ ಅದರ ಟೊಪ್ಪಿಗೆ ತೆಗೆದು, ವಿಭೂತಿಯನ್ನು ನೀರಲ್ಲಿ ಕಲಸಿ ಬಳಿದಿದ್ದ. ಮೇಲೆ ಕುಂಕುಮ ಬೇರೆ. ಎಲ್ಲ ಒಳಗಿಳಿದು ಒಣಗಿ ಗಟ್ಟಿಯಾಗಿತ್ತು.

“ವೈನಿ, ಪೂಜಿ ಜರಾ ಜಾಸ್ತಿ ಆಗೇತಿ,” ಎಂದ.

ಸಾಹೇಬರು ಬಿದ್ದು ಬಿದ್ದು ನಕ್ಕರು. ನಾನು ಮನೆಗೆ ಓಡಿ ಹೊಸ ಹಲ್ಲುಜ್ಜುವ ಬ್ರಷ್ ತಂದೆ. ಕಾಕಾ ಅದನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಕೂಸಿನ ಕಿವಿ ತೊಳೆಯುವವನಂತೆ ತಿಕ್ಕಿದ, ಊದಿದ, ಒಣಗಿಸಿದ. ಮತ್ತೆ ಚುಚ್ಚಿದ. ಮತ್ತೆ ಸುಮ್ಮನೆ.

ಆಗ ಅವ್ವ ಇದ್ದಷ್ಟು ದನಿಯಲ್ಲಿ ಪಿಸುಗುಟ್ಟಿದಳು: “ಪೆಟ್ಟಿಗಿ ಮಾರಿಗೂ ಬಳದೀಯಲ್ಲೋ. ಹಿಂದಿನ ಕಿಂಡ್ಯಾಗ ಹಾಕು. ಅಲ್ಲಿ ನಿನ್ನ ಕೈ ಮುಟ್ಟಿರಂಗಿಲ್ಲ.”

ಹೌದು, ಕಂಪ್ಯೂಟರ್ ಪೆಟ್ಟಿಗೆಯ ಮುಖದ ಮೇಲಿನ ಕಿಂಡಿಯೂ ಕುಂಕುಮದಿಂದ ತುಂಬಿತ್ತು. ಕಾಕಾ ಮೇಜಿನ ಕೆಳಗೆ ತೂರಿ ಹಿಂದಿನ ಕಿಂಡಿಗೆ ಚುಚ್ಚಿದ. ಟಿಣ್ ಎಂದಿತು. ಪರದೆಯ ಮೇಲೆ ಪೆನ್‌ಡ್ರೈವ್ ಬಂತು, ಅದರೊಳಗೆ ಅವ್ವನ ಹಾಡು. ಕಾಕಾ ಏಳುವ ಅವಸರದಲ್ಲಿ ತಲೆಗೆ ಮೇಜು ಬಡಿಸಿಕೊಂಡ. ನಾನು ಹಾಡು ಹಚ್ಚಿದೆ.

ಮೊದಲು ಕೇಳಿಸಿದ್ದು ಕಾಕಾನ ದನಿ. “ಹೂಂ, ಹಾಡ್ರಿ ವೈನಿ. ಹೆದರಬ್ಯಾಡ್ರಿ. ತಪ್ಪಿದ್ರ ಮತ್ತ ಹಾಡೀರಂತ. ನನಗೇನ ಕೆಲಸಿಲ್ಲ, ಕೇಳ್ಕೋತ ಕುಂತಿರ್ತೇನಿ.”

“ಏನ್ರಿ, ಇವರೂ ಹಾಡ್ತಾರೇನು?” ಎಂದರು ಸಾಹೇಬರು. ಅಷ್ಟರಲ್ಲಿ ಅವ್ವನ ದನಿ ಎದ್ದಿತು. ಸಾಹೇಬರು ನಗು ನಿಲ್ಲಿಸಿ ಕೂತರು. ಆ ಬಸ್ಸು ಅವರಿಗೆ ತಪ್ಪಿತು.

ಮುಂದೆ ಅವ್ವ ರೇಡಿಯೋ ನಿಲಯಕ್ಕೆ ಹೋಗಿ ಹಾಡಿ ಬಂದಳು. ಹಾಡು ಪ್ರಸಾರವಾದ ದಿನ ಕಾಕಾ ರೇಡಿಯೋವನ್ನು ಅಂಗಡಿಯ ಮೆಟ್ಟಿಲ ಮೇಲಿಟ್ಟು ಓಣಿಗೆಲ್ಲ ಕೇಳಿಸಿದ. ಅದಕ್ಕೂ ವಿಭೂತಿ ಹಚ್ಚಲು ಹೋದವನ ಕೈಯನ್ನು ಅವ್ವ ಗಟ್ಟಿಯಾಗಿ ಹಿಡಿದುಕೊಂಡಳು. ಹಾಡು ಮುಗಿಯುವವರೆಗೆ ಬಿಡಲಿಲ್ಲ.

ಕಾಕಾ ತೀರಿಹೋಗಿ ವರ್ಷಗಳಾದವು. ಅಂಗಡಿಯಿದ್ದ ಕೋಣೆಯಲ್ಲಿ ಈಗ ಸೀರೆ ಮಾರುತ್ತಾರೆ. ಆ ಹಾಡನ್ನು ನಾನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಇಳಿಸಿಕೊಳ್ಳುತ್ತಲೇ ಬಂದಿದ್ದೇನೆ. ಮೊದಲಿನ ಮಾತು ಕತ್ತರಿಸಿ ಹಾಡನ್ನಷ್ಟೇ ಇಟ್ಟುಕೊಳ್ಳಬಹುದಿತ್ತು, ಮನಸ್ಸು ಬರಲಿಲ್ಲ. ಮೊನ್ನೆ ಅವ್ವ ಕೇಳಬೇಕೆಂದಳು. ಹಚ್ಚಿದೆ. ಕಾಕಾನ ಮಾತು ಮುಗಿದು ಅವಳ ಹಾಡು ಶುರುವಾಗುತ್ತಿದ್ದಂತೆ ಅವ್ವ ಕೈ ಎತ್ತಿದಳು.

“ನನ್ನ ಹಾಡು ಇರ್ಲಿ ಬಿಡವಾ, ಅದನ್ನ ಯಾವಾಗರ ಹಾಡ್ತೇನಿ. ಬಸಲಿಂಗಪ್ಪಂದು ಇನ್ನೊಮ್ಮೆ ಹಚ್ಚು.”