ಅಕ್ಕಿಕಾಳಾದ ಕಾಡುಗೋಧಿ

ನಮ್ಮ ಬೈಲಹೊಂಗಲದ ಕಡೆ ಮದುವೆಯಲ್ಲಿ ವಧೂವರರ ಮೇಲೆ ಎರಚುವ ಅಕ್ಕಿಕಾಳಿನಲ್ಲಿ ಅಕ್ಕಿ ಇರುವುದಿಲ್ಲ; ಅರಿಸಿನ ಹಚ್ಚಿದ ಜೋಳ ಇರುತ್ತದೆ. ಎಪ್ಪತ್ತರ ದಶಕದಲ್ಲಿ ನಡೆದ ಅಕ್ಕನ ಮದುವೆಯಲ್ಲಿ ಮಾತ್ರ ಜೋಳದ ಜೊತೆ ನನ್ನ ಕಾಡುಗೋಧಿಯೂ ಇತ್ತು.

ನಾನಾಗ ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಕಾಡುಗೋಧಿಯ ತಳಿಗಳಲ್ಲಿ ಎಷ್ಟು ಭೇದವಿದೆ, ಯಾವುದರ ಕಾಳಿನಲ್ಲಿ ಪ್ರೋಟೀನು ಹೆಚ್ಚು ಎಂಬುದು ನನ್ನ ವಿಷಯ. ಒಂದು ತಳಿಯ ಕಾಳು ಸಣಕಲು, ಪ್ರೋಟೀನು ಎಲ್ಲಕ್ಕಿಂತ ಹೆಚ್ಚು. ಅದರ ಬೀಜ ಉಳಿದಿದ್ದು ಒಂದೇ ಡಬ್ಬಿ. ಮತ್ತೆ ಬಿತ್ತಿ ಅಳೆದು ನೋಡದೆ ಪ್ರಬಂಧ ಮುಗಿಯುವಂತಿರಲಿಲ್ಲ. ಹಾಸ್ಟೆಲ್ಲಿನ ಇಲಿಗಳನ್ನು ನಂಬದೆ ಡಬ್ಬಿಯನ್ನು ಊರಿಗೆ ತಂದು, ದೊಡ್ಡವ್ವನ ಮನೆಯ ದೇವರ ಗೂಡಿನಲ್ಲಿ ಇಟ್ಟಿದ್ದೆ.

ಮುಹೂರ್ತಕ್ಕೆ ಎಲ್ಲರೂ ಕಾಳು ಎರಚಿದರು. ಒಂದು ಬಂದು ನನ್ನ ಸೀರೆಗೆ ಅಂಟಿತು. ಅದು ಜೋಳವಲ್ಲ; ಅದಕ್ಕೆ ಸಿಪ್ಪೆ ಇತ್ತು, ತುದಿಯಲ್ಲಿ ಮುಳ್ಳಿನಂಥ ಉದ್ದನೆಯ ಒರಟು ಸುಂಕೂ ಇತ್ತು.

"ದೊಡ್ಡವ್ವಾ, ದೇವರ ಮುಂದಿನ ಡಬ್ಬಿ?"

"ಹುಗ್ಗಿ ಮಾಡೂ ಸದಕ ಗೋದಿ ಅಂತ ತಿಳದ್ನಿ. ಜ್ವಾಳ ಕಡಿಮಿ ಬಿದ್ದಿತ್ತು, ಅರಿಶಿಣ ಹಚ್ಚಿ ಕೂಡಿಸಿದೆ. ಯಾಕ, ಮದವಿಗೇ ತಂದಿದ್ದಲ್ಲಾ?"

ಕಾಡುಗೋಧಿ ಹೊಲ ಬಿಟ್ಟು ಹೋಗುವುದೇ ಹೀಗೆ, ಹಾದುಹೋಗುವ ಪ್ರಾಣಿಗಳ ಮೈಗೆ ಅಂಟಿಕೊಂಡು. ಜೋಳ ಉರುಳಿಹೋಗಿತ್ತು, ನನ್ನ ಕಾಳು ಮುರಗೋಡದಿಂದ ಬಂದಿದ್ದ ವರನ ಸೋದರಮಾವನ ಹೆಗಲ ಕಂಬಳಿಯಲ್ಲಿ ನೆಲೆಸಿತ್ತು. ನಾನು ಅವರ ಬೆನ್ನ ಹಿಂದೆ ಕುಳಿತು ಆರಿಸತೊಡಗಿದೆ.

"ಯಾರವಾ ನೀ? ಏನ್ ಮಾಡಾಕ್ಹತ್ತಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡವ್ವ ಓಡಿಬಂದಳು. "ಪದ್ಧತಿರೀ, ಬೀಗರ. ಕಲತ ಹುಡಿಗ್ಯಾರು ಬೀಗರ ಮೈಮ್ಯಾಲಿನ ಕಾಳು ಆರಸಬೇಕು. ಧಾರವಾಡದಾಗ ಹಂಗ."

ವರನ ತಂದೆ ಇದನ್ನು ಕೇಳಿಸಿಕೊಂಡರು. "ಹಂಗಾರ ನಾ ಬೀಗ ಅಲ್ಲೇನು? ನನಗ್ಯಾಕ ಆರಸಲಿಲ್ಲ?" ಎಂದು ನನಗೆ ಬೆನ್ನು ಕೊಟ್ಟು ಕುಳಿತೇಬಿಟ್ಟರು. ಅವರದು ನುಣುಪಾದ ಟೆರಿಲಿನ್ ಅಂಗಿ. ಒಂದು ಕಾಳೂ ನಿಂತಿರಲಿಲ್ಲ. ಮರ್ಯಾದೆಗೆ ಸ್ವಲ್ಪ ಹೊತ್ತು ಇಲ್ಲದ ಕಾಳನ್ನೇ ಆರಿಸಿದೆ. ಅವರ ಹಿಂದೆ ಬೀಗಿತಿಯರ ಸಾಲು ನಿಂತಿತ್ತು.

"ಸರಿಯಾಗಿ ನೋಡ ತಂಗಿ. ನಮ್ಮ ನೆಗೆಣ್ಣಿಗೆ ಭಾಳ ಹೊತ್ತು ಆರಿಸಿದಿ."

ಸಂಜೆಗೆ ಅರ್ಧ ಡಬ್ಬಿ ತುಂಬಿತು.

ಬಿತ್ತನೆಯ ದಿನ ನಮ್ಮ ಪ್ರಾಧ್ಯಾಪಕರು ಮುಚ್ಚಳ ತೆಗೆದರು. "ಇದ್ಯಾಕ ಹಳದಿ ಆಗೇದ?"

"ಬೀಜೋಪಚಾರ ಆಗೇದ್ರಿ ಸರ್."

ಉಪಚಾರ ಆಗಿದ್ದಂತೂ ನಿಜ. ರೋಗ ತಗುಲದಂತೆ ಬೀಜಕ್ಕೆ ಔಷಧಿ ಹಚ್ಚಿದ್ದೇನೆಂದು ತಿಳಿದು ಅವರು ಮೆಚ್ಚಿ ತಲೆಯಾಡಿಸಿದರು. ಕಾಳು ಮೊಳೆಯಿತು; ಸುಗ್ಗಿಯ ನಂತರ ಅಳೆದಾಗ ಪ್ರೋಟೀನು ಮೊದಲಿನಷ್ಟೇ ಬಂತು, ಪ್ರಬಂಧವೂ ಮುಗಿಯಿತು. ಆ ಸಾಲಿನ ನಡುವೆ ಒಂದು ಜೋಳದ ಸಸಿಯೂ ಎದ್ದಿತ್ತು. ಬೀಗರ ಕಡೆಯದೆಂದು ಕೀಳಲಿಲ್ಲ.