ಬೂಂದಿ, ಚಿಪ್ಸ್ ಮತ್ತು ಅಂತಿಮ ಪಂದ್ಯ

ಮಹಾಸಾಮ್ರಾಜ್ಯಗಳು ಸಿದ್ಧಾಂತಭೇದದಿಂದಲೇ ಒಡೆಯುತ್ತವೆ ಎಂಬುದು ಪ್ರಾಜ್ಞರ ಮತ. ವೆಲಿಂಗ್ಟನ್ ಸೀಮೆಯ ನಮ್ಮ ಕನ್ನಡ ಸಂಘ ಒಡೆದದ್ದು ಬಿಸಿಬೇಳೆಬಾತಿನ ಮೇಲೆ ಖಾರಾಬೂಂದಿ ಉದುರಿಸಬೇಕೋ, ಆಲೂಗಡ್ಡೆ ಚಿಪ್ಸೋ ಎಂಬ ಪ್ರಶ್ನೆಗೆ. ಬೂಂದಿಯವರು ಲೋವರ್ ಹಟ್‌ನಲ್ಲಿ ಉಳಿದರು. ಚಿಪ್ಸಿನವರು ಜಾನ್ಸನ್‌ವಿಲ್‌ನಲ್ಲಿ ಬೇರೆ ಬಾವುಟ ಏರಿಸಿದರು. ಅಂದಿನಿಂದ ಯುಗಾದಿ ಎರಡು, ಹೆಂಗಸರ ಥ್ರೋಬಾಲ್ ಪಂದ್ಯಾವಳಿ ಎರಡು, ಸಮಸ್ತ ನ್ಯೂಜಿಲೆಂಡ್ ಕನ್ನಡಿಗರ ಚಾಂಪಿಯನ್ ತಂಡಗಳೂ ಎರಡು.

ನಗಬೇಡಿ. ಈ ತತ್ತ್ವಸಮರದಲ್ಲಿ ನಿಜವಾಗಿ ಪೆಟ್ಟು ತಿಂದವಳು ನನ್ನ ಹೆಂಡತಿ ಸುಮಿತ್ರಾ. ಅವಳೂ ಸ್ಟೆಲ್ಲಾಳೂ ಹುಬ್ಬಳ್ಳಿಯ ನರ್ಸಿಂಗ್ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದು, ಒಂದೇ ತಂಡದಲ್ಲಿ ಚೆಂಡೆಸೆದವರು. ಈಗ ಇವಳು ಬೂಂದಿ ಪಕ್ಷದ ಕ್ಯಾಪ್ಟನ್, ಅವಳು ಚಿಪ್ಸ್ ಪಕ್ಷದ ಕ್ಯಾಪ್ಟನ್, ಮಾತು ನಿಂತಿದೆ. ಆಸ್ಪತ್ರೆಯಲ್ಲಿ ಎದುರಾದರೆ ಇಬ್ಬರೂ ಗೋಡೆಯ ಮೇಲಿನ ಕೈತೊಳೆಯುವ ವಿಧಾನವನ್ನು ಅಪಾರ ಶ್ರದ್ಧೆಯಿಂದ ಓದುತ್ತಾರಂತೆ.

ಅಮೆರಿಕದ ಭಾನುವಾರದ ಸಂಜೆ ನಮ್ಮಲ್ಲಿ ಸೋಮವಾರದ ಮಧ್ಯಾಹ್ನವಾಗಿ ಬಂದಿಳಿಯುವುದರಿಂದ, ಅನ್ನ ಸಾರಿನ ಜೊತೆಗೆ ಅಲ್ಲಿಯ ಫುಟ್‌ಬಾಲಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ನೋಡುವ ಭಾಗ್ಯ ನನ್ನಂಥ ನಿವೃತ್ತರದು. ಆಟ ಪೂರ್ತಿ ಅರ್ಥವಾಗುವುದಿಲ್ಲ. ಆದ್ದರಿಂದ ಅದರ ಚರಿತ್ರೆ ಓದಿಕೊಂಡಿದ್ದೇನೆ. ಮೊದಮೊದಲು ಅವರಿಗೆ ಫೈನಲ್ಲೇ ಇರಲಿಲ್ಲ. ಸೀಸನ್ನಿನ ಕೊನೆಗೆ ಲೆಕ್ಕ ನೋಡಿ ದೊಡ್ಡವರು ಯಾರೆಂದು ಸಾರುತ್ತಿದ್ದರು. ಒಂದು ವರ್ಷ ಎರಡು ತಂಡಗಳು ಸರಿಸಮ ನಿಂತವು, ಹೊರಗೆ ಹಿಮ ಸುರಿಯಿತು. ಸೂರಿನಡಿ, ಸರ್ಕಸ್ಸಿನವರು ಬಿಟ್ಟುಹೋದ ಮಣ್ಣಿನ ಮೇಲೆ, ಕುಗ್ಗಿಸಿದ ಅಂಕಣದಲ್ಲಿ ಆಡಿ ತೀರ್ಮಾನಿಸಿದರು. ಜನಕ್ಕೆ ರುಚಿ ಹತ್ತಿತು; ಮರುವರ್ಷದಿಂದ ಅಂತಿಮ ಪಂದ್ಯ ಸಂಪ್ರದಾಯವಾಯಿತು. ಎಷ್ಟೋ ಕಾಲದ ಮೇಲೆ ಎದುರಾಳಿ ಲೀಗೊಂದು ಹುಟ್ಟಿ, ಎರಡೆರಡು ಚಾಂಪಿಯನ್ ತಂಡಗಳು ಮೆರೆದು, ಜಗಳ ದುಬಾರಿಯಾದಾಗ, ಎರಡೂ ಕಡೆಯಿಂದ ಒಬ್ಬೊಬ್ಬರು ವಿಮಾನ ನಿಲ್ದಾಣದ ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತು ಗುಟ್ಟಾಗಿ ಮಾತಾಡಿದರು. ಪೂರ್ತಿ ಒಂದಾಗುವುದಕ್ಕೆ ಇನ್ನೂ ವರ್ಷಗಳು ಹಿಡಿದವು. ಆದರೆ, ಗಮನಿಸಿ, ಅಲ್ಲಿಯ ತನಕ ಕಾಯದೆ ಎರಡೂ ಕಡೆಯ ಚಾಂಪಿಯನ್ನರು ಮೊದಲು ಎದುರುಬದುರು ಆಡಿಬಿಟ್ಟರು. ಅದೇ ಈ ಸೂಪರ್ ಬೌಲ್.

ಇದನ್ನೆಲ್ಲ ಊಟದ ನಡುವೆ ಸುಮಿತ್ರಾಳಿಗೆ ಉಪದೇಶಿಸಿದೆ. ಅವಳು ಮಜ್ಜಿಗೆ ಅನ್ನ ಕಲಸುತ್ತ ಕೇಳಿದಳು:

"ಮೊದ್ಲ ಫೋನ್ ಮಾಡಿದವ್ರು ಸೋತಂಗ ಆಗಲಿಲ್ಲೇನ್ರೀ?"

ಹಾಗೆಂದು ಯಾರೂ ಬರೆದಿಲ್ಲ ಎಂದೆ. ಅವಳು ಕೈ ತೊಳೆದು, ಒಳಗೆ ಹೋಗಿ ಯಾರಿಗೋ ಫೋನ್ ಮಾಡಿ ಬಂದಳು. "ಹಂಗಾರ ಕಾರ್ ತಗೀರಿ."

ಜಾನ್ಸನ್‌ವಿಲ್ ಶಾಪಿಂಗ್ ಸೆಂಟರಿನ ಪಾರ್ಕಿಂಗಿನಲ್ಲಿ ಸ್ಟೆಲ್ಲಾ ಕಾಯುತ್ತಿದ್ದಳು. ಇಬ್ಬರೂ ನಮ್ಮ ಕಾರಿನೊಳಗೆ ಕೂತರು. ಐತಿಹಾಸಿಕ ಸಂಧಾನದಲ್ಲಿ ನನ್ನ ಪಾತ್ರ ಹಾಲು ತರುವುದೆಂದು ತಿಳಿಸಲಾಯಿತು. ತಂದು, ಗಾಳಿಗೆ ಟೋಪಿ ಹಿಡಿದುಕೊಂಡು ಹೊರಗೇ ನಿಂತೆ. ಗಾಜಿನಾಚೆ ಮೊದಲು ಕೈಗಳು ಹಾರಾಡಿದವು. ಆಮೇಲೆ ಇಬ್ಬರೂ ಕಣ್ಣೊರೆಸಿಕೊಂಡರು. ಕೊನೆಗೆ ಗಾಜು ಇಳಿಯಿತು.

"ಅಣ್ಣಾರ, ನಿಮ್ ಬೂಂದಿ ಲಗೂನ ಮೆತ್ತಗಾಗ್ತೈತಿ," ಎಂದಳು ಸ್ಟೆಲ್ಲಾ. "ಅದನ್ನಷ್ಟ ಒಪ್ಕೊಳ್ರಿ. ಮ್ಯಾಚ್ ಆಡೂಣು."

ಜಗತ್ತಿನ ಶಾಂತಿಗಾಗಿ ಒಪ್ಪಿಕೊಂಡೆ.

ಯುಗಾದಿಯ ದಿನ ಗಾಳಿಗೆ ಬಲೆ ನಿಲ್ಲದೆ, ಪಂದ್ಯ ಶಾಲೆಯ ಸಭಾಂಗಣದೊಳಗೆ ನಡೆಯಿತು. ಎರಡೂ ಸಮಿತಿಗಳ ಗಂಡಸರು ತಂತಮ್ಮ ಮೂಲೆಯಲ್ಲಿ ಘನಗಾಂಭೀರ್ಯದಿಂದ ಕೂತಿದ್ದರು. ಮಕ್ಕಳು ಯಾವ ತಂಡವೆಂದು ನೋಡದೆ ಇಂಗ್ಲಿಷಿನಲ್ಲಿ ಹುರಿದುಂಬಿಸಿದರು. ಕೊನೆಯ ಚೆಂಡು ಸುಮಿತ್ರಾಳ ಕೈ ಜಾರಿತು.

ಜಾನ್ಸನ್‌ವಿಲ್ ಗೆದ್ದಿತು. ಸುಮಿತ್ರಾ ಸ್ಟೆಲ್ಲಾಳ ಕಾರಿನಲ್ಲಿ ಮನೆಗೆ ಬಂದಳು.