ಒಂದೇ ಗುಟುಕು

ಕಲಬುರಗಿ ಮೋಮಿನಪುರದ ಗೌಸಿಯಾಗ ಶಾಲು ಹೊದಿಸಿದವರೆಲ್ಲ ಒಂದೇ ಮಾತು ಹೇಳ್ತಿದ್ರು: ಯುದ್ಧ ನೋಡಿ ಬೆಳೆದಾಕಿ, ಅದಕ್ಕೇ ಇಷ್ಟು ಗಟ್ಟಿ. ಭಾಷಣ ಮಾಡೋರಿಗೇನ್ರಿ, ಮೈಕ್ ಸಿಕ್ಕರ ಸಾಕು. ಕೆಟ್ಟದ್ದೇನಂದ್ರ, ಆಕಿನೂ ಅದನ್ನ ನಂಬಿಬಿಟ್ಟಳು.

ಆಕಿಗೆ ಎಂಟು ವರ್ಷ ಇದ್ದಾಗ, ೧೯೯೦ರಾಗ, ಕುವೈತಿಗೆ ಇರಾಕಿನ ಫೌಜು ನುಗ್ಗಿತು. ಅಪ್ಪ ಹುಸೇನ ಅಲ್ಲಿ ಟೇಲರ್ ಕೆಲಸ ಮಾಡ್ತಿದ್ದ, ಮನಿಮಂದಿಯೆಲ್ಲ ಅವನ ಜೋಡಿ ಅಲ್ಲೇ ಇದ್ರು. ಇದ್ದದ್ದೆಲ್ಲ ಬಿಟ್ಟು, ಅವ್ವ ಚಾಂದಬಿ, ಒಂದೂವರಿ ವರ್ಷದ ತಮ್ಮ ನೋಮಾನ್, ಎಲ್ಲಾರೂ ಬಸ್ಸಿನಾಗ ಜೋರ್ಡಾನ್ ಗಡಿ ಮುಟ್ಟಿದ್ರು. ಅಲ್ಲಿ ಮರಳಿನಾಗ ಡೇರೆ, ದಿನಕ್ಕೊಂದು ನೀರಿನ ಟ್ಯಾಂಕರ್. ದೂರದಾಗ ಧೂಳು ಎದ್ದಿತಂದ್ರ ಗೌಸಿಯಾ ಡಬ್ಬಿ ಹಿಡಿದು ಓಡಬೇಕು; ಹಿಂದ ಬಿದ್ದರ ಅವತ್ತು ನೀರಿಲ್ಲ. ತಂದ ನೀರಿನಾಗ ಚಾಂದಬಿ ಆಕಿಗೆ ಒಂದೇ ಗುಟುಕು ಕೊಟ್ಟು, "ನುಂಗಬ್ಯಾಡ, ಬಾಯಾಗ ಇಟ್ಕೋ" ಅಂತಿದ್ದಳು. ಒಂಬತ್ತನೇ ದಿನ ನೋಮಾನ್ ವಾಂತಿಭೇದಿಯಾಗಿ ತೀರಿಕೊಂಡ. ಅವನನ್ನ ಅಲ್ಲೇ ಮಣ್ಣು ಮಾಡಿ ಉಳಿದವರು ವಿಮಾನ ಹತ್ತಿದ್ರು.

ಕಲಬುರಗಿಗೆ ಬಂದ ಮ್ಯಾಲೂ ಆ ಓಟ ನಿಲ್ಲಲಿಲ್ಲ. ಹತ್ತು ಸಾವಿರ ಮೀಟರಿನಾಗ ಎರಡು ಸಲ ರಾಜ್ಯಕ್ಕ ಮೊದಲು ಬಂದಳು. ಮುಂದ ಒಂದು ಶಾಲಿಯೊಳಗ ಪಿಟಿ ಟೀಚರ್ ಆದಳು. ಮಕ್ಕಳಿಗೆ ಹೇಳೋದೂ ಅದೇ: ಓಡುವಾಗ ಒಂದೇ ಗುಟುಕು, ಬಾಯಾಗ ಇಟ್ಕೋರಿ, ಬಾಯಾರಿಕಿ ಗೆದ್ದವರೇ ಗೆಲ್ತಾರ.

ಆಕಿ ಕೈಯಾಗ ಪ್ರೀತಿ ಅಂತ ಹದಿನಾರರ ಹುಡುಗಿ ಸಿಕ್ಕಳು, ಕಮಲಾಪುರದ ಬಾಳಿಹಣ್ಣಿನ ವ್ಯಾಪಾರಿ ಶಿವಶರಣನ ಮಗಳು. ರಾಜ್ಯ ತಂಡದ ಆಯ್ಕಿಗೆ ಹತ್ತು ದಿನ ಉಳಿದಿತ್ತು. ಈ ಹುಡುಗಿಯನ್ನ ರಾಷ್ಟ್ರಮಟ್ಟಕ್ಕ ಮುಟ್ಟಿಸಲೇಬೇಕು ಅಂತ ಗೌಸಿಯಾ ಹಟ ಹಿಡಿದಿದ್ದಳು.

ಹೋದ ಏಪ್ರಿಲ್ ತಿಂಗಳ ಒಂದು ಐತವಾರ ಕಮಲಾಪುರದ ರಸ್ತೆ ಮ್ಯಾಲ ಹದಿನೆಂಟು ಕಿಲೋಮೀಟರ್ ಓಟ ಇಟ್ಟಳು. ಹೊರಡೋದೇ ಒಂಬತ್ತಾಯಿತು, ಬಿಸಿಲು ನೆತ್ತಿಗೇರಾಕತ್ತಿತ್ತು. ಪ್ರೀತಿ ಮುಂದ, ಸ್ಕೂಟಿ ಮ್ಯಾಲ ಗೌಸಿಯಾ ಹಿಂದ. ಊರು ಇನ್ನ ಎರಡು ಕಿಲೋಮೀಟರ್ ಇರುವಾಗ ಶಿವಶರಣ ನೀರಿನ ಬಾಟಲಿ ಹಿಡಿದು ರಸ್ತೆ ಬದಿ ನಿಂತಿದ್ದ.

"ಕೊಡಬ್ಯಾಡ್ರಿ ಅಣ್ಣಾರ, ಇನ್ನ ಸ್ವಲ್ಪೇ ಅದ," ಅಂದಳು ಗೌಸಿಯಾ.

"ಹುಡುಗಿ ತೂರಾಡಾಕತ್ತಾಳ್ರಿ ಮೇಡಂ."

"ನಾ ಇದಕ್ಕಿಂತ ಕೆಟ್ಟ ಬ್ಯಾಸಗಿ ನೋಡೀನ್ರಿ."

ಕಲಿಸೋರ ಮಾತು ಮೀರಬಾರದಂತ ಆ ಪುಣ್ಯಾತ್ಮ ಬಾಟಲಿ ಕೆಳಗಿಳಿಸಿದ. ಇನ್ನೂರು ಹೆಜ್ಜಿ ಹೋಗೋದ್ರಾಗ ಪ್ರೀತಿ ಡಾಂಬರಿನ ಮ್ಯಾಲ ಬಿದ್ದಳು. ಮೈ ಸುಡ್ತಿತ್ತು, ಒಂದು ಹನಿ ಬೆವರಿರಲಿಲ್ಲ.

ಜೀವ ಉಳೀತು, ಕಿಡ್ನಿ ಕೈಕೊಟ್ಟವು. ಕಲಬುರಗಿಯ ದವಾಖಾನಿಯೊಳಗ ದಿನ ಬಿಟ್ಟು ದಿನ ಡಯಾಲಿಸಿಸ್. ಓಟದ ಮಾತು ಇನ್ನ ಎತ್ತಬ್ಯಾಡ್ರಿ ಅಂದ್ರು ಡಾಕ್ಟರ್.

ಐದನೇ ದಿನ ಗೌಸಿಯಾ, ಈಗ ಮುದುಕಿಯಾದ ಅವ್ವ ಚಾಂದಬಿಯ ಮುಂದ ಕುಂತಳು. "ಅಮ್ಮಿ, ನೀ ಕಲಿಸಿದ್ದನ್ನೇ ನಾ ಕಲಿಸೀನಿ. ನಾ ಗಟ್ಟಿ ಆದೆ. ಆಕಿಗ್ಯಾಕ ಹಿಂಗಾಯ್ತು?"

"ಅದು ಕಲಿಸಿದ್ದಲ್ಲ ಬೇಟಿ," ಅಂದಳು ಚಾಂದಬಿ. "ನುಂಗಿದ್ರ ನೀ ಇನ್ನೊಂದು ಗುಟುಕು ಕೇಳ್ತಿದ್ದಿ. ಉಳಿದದ್ದು ನೋಮಾನ್‌ಗ ಬೇಕಿತ್ತು. ನೀರು ಇದ್ದಿದ್ರ ಡಬ್ಬಿ ಪೂರಾ ನಿನ್ನ ಬಾಯಿಗೇ ಹಿಡೀತಿದ್ದೆ."

ಮೂವತ್ತೈದು ವರ್ಷ ಗೌಸಿಯಾ ಶಿಸ್ತು ಅಂತ ಹೆಮ್ಮಿಲೇ ಹೇಳಿಕೋತ ಬಂದದ್ದು ಬ್ಯಾರೆ ದಾರಿ ಕಾಣದ ಒಬ್ಬ ತಾಯಿಯ ಲಾಚಾರಿ. ಶಿವಶರಣನ ಬಾಟಲಿಯಾಗ ನೀರು ತುಂಬಿತ್ತಲ್ಲ.

ಅವತ್ತೇ ದವಾಖಾನಿಗೆ ಹೋದಳು. ಪ್ರೀತಿ ಕಣ್ಣು ತೆರೆದು, ನಗಾಕ ನೋಡಿದಳು. "ಕಡೀತನಕ ನೀರು ಕೇಳಲಿಲ್ರಿ ಮೇಡಂ. ನೋಡಿದ್ರಿಲ್ಲೋ?"

ಶಿವಶರಣ ಅಲ್ಲೇ ಮಗಳ ಕಾಲು ಒತ್ತಿಕೋತ ಕುಂತಿದ್ದ. ಗೌಸಿಯಾ ಅವನ ಮುಂದೇ ಹೇಳಿದಳು:

"ನೀ ಕೇಳಿದ್ರೂ ನಾ ಕೊಡ್ತಿರಲಿಲ್ಲವ್ವ."